ಬಾಗಿಲ ಕಡೆಯ ರೆಕ್ಕೆ

ಊಟದ ಮೇಜಿನ ಮೇಲೆ ವಿಮಾನ ಬಂದು ಕೂತ ಮೇಲೆ ಆ ಮನೆಯಲ್ಲಿ ಯಾರೂ ಜೊತೆಯಲ್ಲಿ ಕೂತು ಉಂಡಿದ್ದಿಲ್ಲ. ಅದಕ್ಕೆ ಮುಂಚೆ ಉಣ್ಣುತ್ತಿದ್ದರೇ ಅಂದರೆ, ಅದೂ ಇಲ್ಲ ಬಿಡಿ. ಮನೆಯ ಹಿರಿಯ, ಸೊಸೆಯರ ಮಾವ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ, ದೊಡ್ಡ ಮಗ ತನ್ನ ಕೋಣೆಯಲ್ಲಿ, ಚಿಕ್ಕ ಮಗ ಮುಂದಿನ ವರಾಂಡದಲ್ಲಿ, ಹೆಂಗಸರು ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯಲ್ಲಿ ನಿಂತೇ. ಅಣ್ಣತಮ್ಮಂದಿರ ನಡುವೆ ಮಾತು ನಿಂತು ತಿಂಗಳುಗಳಾಗಿದ್ದವು. ಒಬ್ಬ ಎದುರಿಗೆ ಬಂದರೆ ಇನ್ನೊಬ್ಬ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ.

ಕಾರಣ ಕೇಳಿದರೆ ಹೊರಗಿನವರಿಗೆ ನಗು ಬರುತ್ತಿತ್ತು. ದೊಡ್ಡವನು ಟ್ರಾಫಿಕ್ ಪೊಲೀಸು, ಚಿಕ್ಕವನು ಬಸ್ ಡ್ರೈವರ್. ಒಂದು ಬೆಳಿಗ್ಗೆ ದೊಡ್ಡವನು ನಾಲ್ಕು ರಸ್ತೆ ಕೂಡುವಲ್ಲಿ ನಿಂತು ಕೈಯಾಡಿಸುತ್ತಿದ್ದಾಗ ಚಿಕ್ಕವನು ತುಂಬಿದ ಬಸ್ಸನ್ನು ಸಿಗ್ನಲ್ ದಾಟಿಸಿಕೊಂಡು ನುಗ್ಗಿದ. ದೊಡ್ಡವನು ಸೀಟಿ ಊದಿ, ಬಸ್ಸನ್ನು ಪಕ್ಕಕ್ಕೆ ಹಾಕಿಸಿ, ಅಷ್ಟೂ ಪ್ರಯಾಣಿಕರ ಕಣ್ಣೆದುರಿಗೆ ಒಡಹುಟ್ಟಿದ ತಮ್ಮನ ಮೇಲೆ ಕೇಸು ಬರೆದ. ಡಿಪೋದವರು ಡ್ರೈವರನ್ನು ರೂಟಿನಿಂದ ಇಳಿಸಿ ಶೆಡ್ಡಿನಲ್ಲಿ ಬಸ್ಸು ತೊಳೆಯಲು ಹಾಕಿದರು.

"ಹಳದಿ ಇತ್ತು," ಎಂದು ಡ್ರೈವರ್ ವರಾಂಡದಲ್ಲಿ ಕೂತು ಯಾರಿಗೂ ಅಲ್ಲ ಅನ್ನುವಂತೆ ಹೇಳುತ್ತಿದ್ದ.

"ಕೆಂಪು," ಎಂದು ಪೊಲೀಸು ಕೋಣೆಯೊಳಗಿಂದ ಗೋಡೆಗೆ ಹೇಳುತ್ತಿದ್ದ.

ಈ ಹಳದಿ ಕೆಂಪಿನ ನಡುವೆ ಸಿಕ್ಕಿಕೊಂಡು ಹಣ್ಣಾದವಳು ದೊಡ್ಡಸೊಸೆ, ಪೊಲೀಸಿನ ಹೆಂಡತಿ. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸ. ಮನೆಗೆ ಬಂದರೆ ಗಂಡನ ಮಾತು ಮೈದುನನಿಗೆ, ಮೈದುನನ ಮಾತು ಗಂಡನಿಗೆ ಹೊತ್ತು ಹಾಕುವ ಕೆಲಸ.

"ಅತ್ತಿಗೆ, ನನ್ನ ಸೋಪು ಮುಟ್ಟಬೇಡ ಅಂತ ಹೇಳಿ ನಿಮ್ಮ ಯಜಮಾನರಿಗೆ. ಸೋಪಿನ ಮೇಲೂ ಕೇಸು ಬರೆದು ಒಳಗೆ ಹಾಕಿಯಾರು, ನಂಬೋಕಾಗಲ್ಲ ಅವರನ್ನ."

ಅವಳು ಕೋಣೆಗೆ ಹೋಗಿ ಹೇಳುವಳು: "ಸೋಪು ಬೇರೆ ಬೇರೆ ಇಟ್ಕೊಂಡ್ರೆ ಒಳ್ಳೇದಂತೆ."

ಎಲ್ಲ ಮಾತೂ ಹೀಗೇ. ಹೊರಡುವಾಗ ಮುಳ್ಳು ಸಮೇತ ಹೊರಡುತ್ತಿತ್ತು, ಅವಳು ದಾರಿಯಲ್ಲಿ ಮುಳ್ಳು ಕತ್ತರಿಸಿ ಬರೀ ದಂಟನ್ನು ತಲುಪಿಸುತ್ತಿದ್ದಳು. ಹಾಗೆ ಮಾಡದಿದ್ದರೆ ಇಬ್ಬರೂ ಎಂದೋ ಕಾಲರ್ ಹಿಡಿದುಕೊಂಡು ಬೀದಿಗೆ ಬೀಳುತ್ತಿದ್ದರು. ಇದಕ್ಕಾಗಿ ಯಾರೂ ಅವಳಿಗೆ ಒಂದು ಒಳ್ಳೆಯ ಮಾತು ಆಡಿದ್ದಿಲ್ಲ, ಅವಳೂ ಕಾದಿದ್ದಿಲ್ಲ.

ಅವಳ ಆಸೆ ಬೇರೆಯೇ ಇತ್ತು. ತನ್ನದೇ ಒಂದು ಒಲೆ ಬೇಕು. ಆ ಮನೆಯ ಅಡುಗೆಮನೆ ಅತ್ತೆಯ ರಾಜ್ಯ. ಬೀರುವಿನ ಬೀಗದ ಕೈ ಅತ್ತೆಯ ಸೊಂಟದಲ್ಲಿ. ದೊಡ್ಡಸೊಸೆ ಏನು ಬೇಯಿಸಿದರೂ ಅತ್ತೆ ಬಂದು ಸೌಟಿನಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಮುಖ ಹುಳ್ಳಗೆ ಮಾಡಿ, ಎಲ್ಲರೂ ನೋಡುವಂತೆ ಒಂದು ಚಿಟಿಕೆ ಉಪ್ಪು ಉದುರಿಸದೆ ಪಾತ್ರೆ ಕೆಳಗಿಳಿಯುತ್ತಿರಲಿಲ್ಲ. ಚಿಕ್ಕಸೊಸೆ ಪಕ್ಕದಲ್ಲಿ ನಿಂತು "ಹೌದು ಅತ್ತೆ, ಸಪ್ಪೆನೇ ಇತ್ತು" ಅನ್ನುವಳು. ಆ ವಾರಗಿತ್ತಿಗೆ ನಾಲಿಗೆ ಇದ್ದದ್ದೇ 'ಹೌದು ಅತ್ತೆ' ಅನ್ನುವುದಕ್ಕೆ.

ಮಾವ ಇದ್ಯಾವುದಕ್ಕೂ ತಲೆ ಹಾಕುತ್ತಿರಲಿಲ್ಲ. ಆಯುಷ್ಯವೆಲ್ಲ ವಿಮಾನ ರಿಪೇರಿ ಮಾಡುವ ಹ್ಯಾಂಗರಿನಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತರಾದ ಫಿಟ್ಟರುಗಳದೊಂದು ಕೂಟವಿತ್ತು. ವರ್ಷಕ್ಕೊಮ್ಮೆ ಒಂದು ಸಭಾಂಗಣ ಹಿಡಿದು, ಒಬ್ಬೊಬ್ಬರೂ ಮನೆಮಂದಿಯ ಜೊತೆ ಸೇರಿ ಮಾಡಿದ ಮಾದರಿ ವಿಮಾನಗಳನ್ನು ಪ್ರದರ್ಶನಕ್ಕಿಡುತ್ತಿದ್ದರು. ಈ ಸಲ ಮಾವ ಬಾಲ್ಸಾ ಅನ್ನುವ ಹಗುರ ಮರದ ಹಾಳೆಗಳ ಕಟ್ಟನ್ನು ತಂದು ಮೇಜಿನ ಮೇಲೆ ದೊಪ್ಪನೆ ಹಾಕಿ ಇಬ್ಬರು ಮಕ್ಕಳನ್ನೂ ಕರೆದರು.

"ನಾನು ಕೆಲಸ ಮಾಡಿದ ಜೆಟ್ ವಿಮಾನ ಇದು. ಇಪ್ಪತ್ತರಲ್ಲಿ ಒಂದು ಪಾಲು ಅಳತೆ. ಹೊಟ್ಟೆ, ಬಾಲ, ಎಂಜಿನ್ನು ನಾನು ಮಾಡ್ತೀನಿ. ರೆಕ್ಕೆ ಒಬ್ಬೊಬ್ಬರಿಗೆ ಒಂದೊಂದು. ನಕ್ಷೆ ಒಂದೇ. ಒಂದು ರೆಕ್ಕೆಗೆ ಕಾಗದ ಹೀಗೇ ಹಾಸಬೇಕು, ಇನ್ನೊಂದಕ್ಕೆ ಮಗುಚಿ ಹಾಸಬೇಕು. ಯಾರದು ಎಡ ಯಾರದು ಬಲ ಅನ್ನೋದನ್ನ ನೀವಿಬ್ಬರೇ ಬಾಯಿಬಿಟ್ಟು ಮಾತಾಡಿ ತೀರ್ಮಾನಿಸಿ. ಜೋಡಿಸೋ ಭಾನುವಾರದವರೆಗೆ ನಾನು ಇಣುಕಿ ನೋಡಲ್ಲ."

ಮಾವ ನಕ್ಷೆಯ ಒಂದೊಂದು ಪ್ರತಿಯನ್ನು ಇಬ್ಬರ ಕೈಗೂ ತುರುಕಿದರು.

"ಇನ್ನೊಂದು ಮಾತು. ರೆಕ್ಕೆ ಎರಡೂ ಸರಿಯಾಗಿ ಕೂತರೆ ಈ ಮನೆ ಒಂದೇ. ಕೂರಲಿಲ್ಲವೋ, ನಡುಮನೆಗೆ ಅಡ್ಡ ಗೋಡೆ ಎಬ್ಬಿಸ್ತೀನಿ. ಆ ಕಡೆಗೊಂದು ಒಲೆ, ಈ ಕಡೆಗೊಂದು ಒಲೆ. ಸಾಯೋವರೆಗೂ ಮುಖ ನೋಡ್ಕೋಬೇಡಿ, ನೆಮ್ಮದಿಯಾಗಿರಿ."

"ರೀ, ಬಾಯಿಗೆ ಬಂದದ್ದು ಮಾತಾಡ್ತೀರಲ್ಲ!" ಎಂದು ಅತ್ತೆ ಕಣ್ಣಿಗೆ ಸೆರಗು ಒತ್ತಿಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದೊಡ್ಡಸೊಸೆಗೆ ಮಾತ್ರ 'ಈ ಕಡೆಗೊಂದು ಒಲೆ' ಅನ್ನುವುದಷ್ಟೇ ಕೇಳಿಸಿತು.

ಅಂದೇ ಸಂಜೆ ಪೊಲೀಸು ಶೂ ಬಿಚ್ಚುತ್ತ ಹೆಂಡತಿಗೆ ಹೇಳಿದ: "ಹೋಗಿ ಕೇಳು, ಅವನದು ಯಾವುದಂತೆ."

ಅವಳು ವರಾಂಡಕ್ಕೆ ಹೋಗಿ ಕೇಳಿದಳು.

"ಎಡದ್ದು," ಎಂದ ಡ್ರೈವರ್. "ಬಸ್ಸಿನ ಬಾಗಿಲ ಕಡೆ ಅಂತ ಬಿಡಿಸಿ ಹೇಳಿ ಅತ್ತಿಗೆ. ಜನ್ಮದಲ್ಲಿ ಸ್ಟೀರಿಂಗ್ ಮುಟ್ಟದೋರಿಗೆ ಎಡ ಬಲ ಏನು ಗೊತ್ತಿರುತ್ತೆ? ಬಾಗಿಲಾದ್ರೂ ಗೊತ್ತಿದ್ದೀತು, ದಿನಾ ಅಲ್ಲೇ ನಿಂತು ಡ್ರೈವರುಗಳ ಪ್ರಾಣ ಹಿಂಡ್ತಾರಲ್ಲ."

ಅಂಗಡಿಯಲ್ಲಿ ಆ ದಿನ ಅವಳ ಕತ್ತು ನೋಯುವಷ್ಟು ಕೆಲಸವಿತ್ತು. ಎಂದಿನಂತೆ ಮುಳ್ಳು ಕತ್ತರಿಸಿದಳು. ಕತ್ತರಿಸುವಾಗ ಬಾಗಿಲೂ ಜೊತೆಗೆ ಬಿದ್ದುಹೋಯಿತು.

"ಎಡದ್ದಂತೆ," ಎಂದಳು ಗಂಡನಿಗೆ.

"ಸರಿ. ಹಾಗಾದ್ರೆ ನನ್ನದು ಬಲದ್ದು."

ಬಲ ಅಂದರೆ ಯಾವ ಬಲ? ಡ್ರೈವರ್ ಆದವನು ಯಾವುದನ್ನೂ ಸೀಟಿನಲ್ಲಿ ಕೂತು ನೋಡುತ್ತಾನೆ. ಟ್ರಾಫಿಕ್ ಪೊಲೀಸು ನಡುರಸ್ತೆಯಲ್ಲಿ ನಿಂತು, ಎದುರಿಗೆ ಬರುವುದನ್ನು ನೋಡುತ್ತಾನೆ. ಇವನು ನಕ್ಷೆಯನ್ನು ಕೋಣೆಯ ನೆಲದ ಮೇಲೆ ಹಾಸಿ, ವಿಮಾನ ತನ್ನ ಕಡೆಗೇ ಬರುತ್ತಿದೆ ಎಂದು ಅಂದಾಜು ಮಾಡಿ, ತನ್ನ ಬಲಗೈ ಎಲ್ಲಿದೆಯೋ ಆ ಕಡೆಯ ರೆಕ್ಕೆ ಕೊಯ್ಯಲು ಶುರುಮಾಡಿದ. ಅದು ವಿಮಾನದ ಎಡರೆಕ್ಕೆ.

ಮುಂದಿನ ವಾರಗಳಲ್ಲಿ ಮನೆಯ ತುಂಬ ಮರದ ಹುಡಿ. ಹಾಸಿಗೆಯಲ್ಲಿ ಹುಡಿ, ನೀರಿನ ಹೂಜಿಯ ಮೇಲೆ ಹುಡಿ, ಒಗೆದ ಬಟ್ಟೆಯ ಮೇಲೆ ಹುಡಿ. ಅಂಟಿನ ವಾಸನೆಗೆ ಅತ್ತೆಗೆ ತಲೆನೋವು ಬಂದರೆ ಬೈಗುಳ ದೊಡ್ಡಸೊಸೆಗೆ. ಪೊಲೀಸು ಡ್ಯೂಟಿ ಮುಗಿಸಿ ಬಂದವನೇ ಉಪ್ಪುಕಾಗದ ಹಿಡಿದು ನೆಲದ ಮೇಲೆ ಕೂರುತ್ತಿದ್ದ. ಉಜ್ಜುವಾಗ ನಾಲಿಗೆ ತುಟಿಯಾಚೆ ಬಂದಿರುತ್ತಿತ್ತು.

"ಅವನ ರೆಕ್ಕೆ ಎಷ್ಟಾಯ್ತು, ನೋಡಿದ್ಯಾ?"

"ನಾನ್ಯಾಕೆ ನೋಡ್ಲಿ? ಕಾಲು ತೆಗೀರಿ, ಗುಡಿಸಬೇಕು."

"ನನ್ನದರ ಅರ್ಧ ನಯ ಬಂದಿದ್ರೂ ನನ್ನ ಹೆಸರು ಬದಲಾಯಿಸ್ತೀನಿ. ಶೆಡ್ಡಲ್ಲಿ ಬಸ್ಸು ಉಜ್ಜೋ ಕೈ ಅದು."

ಒಂದು ಸಂಜೆ ವರಾಂಡದ ಹಗ್ಗದಿಂದ ಬಟ್ಟೆ ತೆಗೆಯುತ್ತಿದ್ದವಳ ಕಣ್ಣು ಮೈದುನನ ರೆಕ್ಕೆಯ ಮೇಲೆ ಬಿತ್ತು. ಉಬ್ಬಿದ ಬೆನ್ನು ಮೇಲೆ, ಚಕ್ರ ಮಡಚುವ ಗುಂಡಿ ಕೆಳಗೆ, ದಪ್ಪ ಅಂಚು ಮುಂದಕ್ಕೆ. ಅವಳು ನಿಂತಲ್ಲೇ ನಿಂತಳು. ಒಳಗೆ ತನ್ನ ಕೋಣೆಯಲ್ಲಿ ಇರುವುದೂ ಥೇಟ್ ಇದೇ. ಎರಡೂ ಎಡಗಾಲಿನ ಚಪ್ಪಲಿಯೇ! ಕನ್ನಡಕದ ಅಂಗಡಿಗೆ ಸೇರಿದ ಹೊಸತರಲ್ಲಿ ಅವಳೂ ಎದುರಿಗೆ ಕೂತ ಗಿರಾಕಿಯ ಬಲಗಣ್ಣಿನ ಗಾಜನ್ನು ತನ್ನ ಬಲಕ್ಕೆ ಬರುವ ಕಣ್ಣಿಗೆ ಕೂರಿಸಿ ಮಾಲೀಕನ ಹತ್ತಿರ ಉಗಿಸಿಕೊಂಡವಳು. ಎಲ್ಲಿ ಎಡವಟ್ಟಾಯಿತು ಎಂದು ಅವಳಿಗೆ ತಕ್ಷಣ ಹೊಳೆಯಿತು. ಬಾಗಿಲಿನ ಮಾತು ತಾನು ದಾಟಿಸಲಿಲ್ಲ ಅನ್ನುವುದೂ ನೆನಪಾಯಿತು.

ಹೇಳಬೇಕು ಎಂದುಕೊಂಡೇ ಒಳಗೆ ಬಂದಳು, ಅದರಲ್ಲಿ ಸುಳ್ಳಿಲ್ಲ. ಗಂಡ ಬರಲು ಇನ್ನೂ ಹೊತ್ತಿತ್ತು. ತಲೆ ಸಿಡಿಯುತ್ತಿತ್ತು, ಒಂದು ಲೋಟ ಚಹಾ ಕುಡಿದು ಹೇಳೋಣ ಎಂದು ಒಲೆ ಹಚ್ಚಿ ಪಾತ್ರೆ ಇಟ್ಟಳು. ಹಾಲಿಗೆ ಚಹಾ ಪುಡಿ ಹಾಕಿದಳೋ ಇಲ್ಲವೋ, ಅತ್ತೆ ಹಿಂದೆ ನಿಂತಿದ್ದಳು.

"ಯಾರನ್ನ ಕೇಳಿ ಹಾಲು ತೆಗೆದೆ?"

"ಒಂದು ಲೋಟ ಚಹಾ ಅತ್ತೆ. ತಲೆನೋವು."

"ತಲೆನೋವು ನಿನಗೊಬ್ಬಳಿಗೇನಾ? ಹೊರಗೆ ದುಡೀತೀನಿ ಅನ್ನೋ ಕೊಬ್ಬು. ಈ ಒಲೆ ನಿನ್ನಪ್ಪನ ಮನೆಯಿಂದ ತಂದಿದ್ದೇನೂ ಅಲ್ಲ."

ಅತ್ತೆ ಕೈ ಚಾಚಿ ಉರಿ ಆರಿಸಿ, ಚಹಾ ಪುಡಿ ಬಿದ್ದಿದ್ದ ಹಾಲನ್ನು ಹಾಗೇ ಬಚ್ಚಲಿಗೆ ಸುರಿದಳು. ಸುರಿದು ಪಾತ್ರೆಯನ್ನು ಸೊಸೆಯ ಕೈಗೇ ಕೊಟ್ಟಳು, ತೊಳೆದಿಡಲು.

ದೊಡ್ಡಸೊಸೆ ಪಾತ್ರೆ ತೊಳೆದಿಟ್ಟಳು. ಹೇಳಬೇಕಾದ್ದನ್ನು ನುಂಗಿಕೊಂಡಳು. ರೆಕ್ಕೆ ಕೂರದಿದ್ದರೆ ಗೋಡೆ ಏಳುತ್ತದೆ, ಗೋಡೆ ಎದ್ದರೆ ಒಲೆ ಬರುತ್ತದೆ. ಏಳಲಿ! ಎಂದುಕೊಂಡಳು. ಏಳಲಿ, ಆ ಕಡೆಯವರ ಉಸಿರೂ ಈ ಕಡೆಗೆ ಕೇಳಿಸದಷ್ಟು ದಪ್ಪಗೆ ಏಳಲಿ.

ಆದರೂ ಒಳಗೊಳಗೇ ಕೊರೆಯುತ್ತಿತ್ತು. ಅದೇ ವಾರ ಗಂಡ ರೆಕ್ಕೆಗೆ ಬೆಳ್ಳಿ ಬಣ್ಣ ಹಚ್ಚಿ ಒಣಗಿಸಿ, ಅವಳ ಕೈ ಹಿಡಿದೆಳೆದು ಅದರ ಮೇಲಿಟ್ಟ.

"ಸವರಿ ನೋಡೇ. ಬೆಣ್ಣೆ ಹಾಗಿಲ್ವಾ?"

ನಿಜಕ್ಕೂ ಹಾಗೇ ಇತ್ತು. ಮದುವೆಯಾದಾಗಿನಿಂದ ಅವನು ಅವಳಿಗೆ ತೋರಿಸುವಂಥದ್ದು ಏನನ್ನೂ ಮಾಡಿದವನಲ್ಲ. ಅವಳಿಗೆ ಅಯ್ಯೋ ಅನ್ನಿಸಿತು.

"ರೀ, ಅಕಸ್ಮಾತ್ ಕೂರಲಿಲ್ಲ ಅಂದ್ರೆ ಮಾವ ನಿಜವಾಗ್ಲೂ ಗೋಡೆ ಹಾಕಿಸ್ತಾರಾ?"

"ಅಪ್ಪ ಆಡಿದ ಮಾತು ಆಡಿದ್ದೇ. ಯಾಕೆ ಕೂರಲ್ಲ? ಅಪಶಕುನ ನುಡೀಬೇಡ. ಕೂರದಿದ್ರೆ ಅವನದು ಕೂರಲ್ಲ."

ಅವಳು ಕೈ ತೆಗೆದು ಗುಡಿಸಲು ಹೋದಳು.

ಭಾನುವಾರ ಬಂತು. ಬೆಳಗಿನ ತಿಂಡಿಗೆ ಬ್ರೆಡ್ಡು ತಿಂದವರು ಕೈ ತೊಳೆದು ಮೇಜಿನ ಸುತ್ತ ನಿಂತರು. ಮಾವ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡಿದ್ದರು. ವಿಮಾನದ ಹೊಟ್ಟೆ ಎರಡು ಮರದ ಕಾಲುಗಳ ಮೇಲೆ ಮಲಗಿತ್ತು. ಮೊದಲು ಡ್ರೈವರ್ ತನ್ನ ರೆಕ್ಕೆ ತಂದ. ಎಡಪಕ್ಕದ ಸೀಳಿನಲ್ಲಿ ಅದು ಟಕ್ಕೆಂದು ಕೂತಿತು.

"ಭೇಷ್," ಎಂದರು ಮಾವ. ಚಿಕ್ಕಸೊಸೆ ಚಪ್ಪಾಳೆ ತಟ್ಟಿದಳು.

ಪೊಲೀಸು ತನ್ನದನ್ನು ಎರಡೂ ಕೈಯಲ್ಲಿ ಹಸುಗೂಸಿನಂತೆ ಎತ್ತಿಕೊಂಡು ಬಂದು ಬಲಪಕ್ಕಕ್ಕೆ ಒಡ್ಡಿದ. ದಪ್ಪ ಅಂಚು ಹಿಂದಕ್ಕೆ ಬಂತು. ಮಗುಚಿದ. ಈಗ ಅಂಚು ಸರಿ, ಆದರೆ ಚಕ್ರದ ಗುಂಡಿ ಆಕಾಶ ನೋಡಿತು. ಮತ್ತೆ ತಿರುಗಿಸಿದ.

"ಇದೂ ಎಡರೆಕ್ಕೆ," ಎಂದರು ಮಾವ, ಮೆಲ್ಲಗೆ.

"ಇಲ್ಲ ಅಪ್ಪ, ಬಲ. ವಿಮಾನ ಹೀಗೆ ಎದುರಿಗೆ ಬರ್ತಾ ಇದೆ ಅನ್ನಿ, ನನ್ನ ಬಲಗೈ ಕಡೆ..."

"ಎದುರಿಗೆ ಯಾಕೆ ಹೋಗಿ ನಿಂತ್ಕೊಂಡೆ?" ಎಂದು ಡ್ರೈವರ್ ಸಿಡಿದ. ತಿಂಗಳುಗಳ ಮೇಲೆ ಅಣ್ಣನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. "ಆಕಾಶದಲ್ಲೂ ಅಡ್ಡ ನಿಂತು ಕೇಸು ಬರೀತೀಯಾ? ಒಳಗೆ ಕೂತು ನೋಡ್ಬೇಕು ಕಣೋ!"

"ಏಯ್, ಏಕವಚನ ಬೇಡ! ಒಳಗೆ ಕೂತೋರಿಗೆ ಕಣ್ಣು ಕಂಡಿದ್ರೆ ಅವತ್ತು ಕೆಂಪು ದೀಪ ಕಾಣ್ತಿತ್ತು!"

"ಹಳದಿ!"

"ಕೆಂಪು!"

"ಒಂದು ವಿಮಾನಕ್ಕೆ ಎರಡು ಎಡರೆಕ್ಕೆ ಮಾಡಿಟ್ಟಿದೀಯಲ್ಲ, ನಾಚಿಕೆ ಆಗಲ್ವಾ? ಬಾಗಿಲ ಕಡೆ, ಬಸ್ಸಿನ ಬಾಗಿಲ ಕಡೆ ನನ್ನದು ಅಂತ ಬಿಡಿಸಿ ಹೇಳಿ ಕಳಿಸಿದ್ನಲ್ಲ!"

ಪೊಲೀಸು ಕೈಯಲ್ಲಿದ್ದ ರೆಕ್ಕೆಯನ್ನು ಕೆಳಗಿಳಿಸಿದ. "ಯಾವ ಬಾಗಿಲು?"

"ಬಾಗಿಲು ಅಂತ ಹೇಳಿಲ್ವಾ?"

"ಬರೀ 'ಎಡದ್ದಂತೆ' ಅಂದ್ಲು. ಬಾಗಿಲು ಅಂದಿದ್ರೆ ಮಗೂಗೂ ಗೊತ್ತಾಗ್ತಿತ್ತಲ್ಲೋ!"

"ಅದಕ್ಕೇ ತಾನೇ ನಾನು ಹೇಳಿದ್ದು ಅಣ್ಣ!"

ಅಣ್ಣ ಅಂದ. ಅಂದವನೇ ಅತ್ತಿಗೆಯ ಕಡೆ ತಿರುಗಿದ. ಪೊಲೀಸೂ ತಿರುಗಿದ. ಮಾವ, ಅತ್ತೆ, ಚಿಕ್ಕಸೊಸೆ, ಎಲ್ಲರ ಕಣ್ಣೂ ಬಾಗಿಲಲ್ಲಿ ನಿಂತವಳ ಮೇಲೆ ಬಿತ್ತು.

"ನಿನ್ನ ತಲೇಲಿ ಏನು ತುಂಬಿದೆ?" ಎಂದು ಕೂಗಿದ ಗಂಡ. "ಎರಡು ಮಾತು ಅಲ್ಲಿಂದ ಇಲ್ಲಿಗೆ ತರೋ ಯೋಗ್ಯತೆ ಇಲ್ವಾ ನಿಂಗೆ? ಪೆದ್ದೀ!"

"ಮೊದಲಿಂದ ಮಂದಬುದ್ಧಿನೇ," ಎಂದಳು ಅತ್ತೆ. "ಅಡುಗೆಗೆ ಉಪ್ಪು ಹಾಕೋಕೆ ಬರಲ್ಲ, ಇನ್ನು ಮಾತು ಹೇಳೋಕೆ ಬರುತ್ತಾ?"

"ಹೌದು ಅತ್ತೆ," ಎಂದಳು ಚಿಕ್ಕಸೊಸೆ.

ಸುಮ್ಮನಿದ್ದಿದ್ದರೆ ಪೆದ್ದಿ ಅನ್ನಿಸಿಕೊಂಡು ಪಾರಾಗುತ್ತಿದ್ದಳು. ಬೈಗುಳ ಅವಳಿಗೆ ಹೊಸದಲ್ಲ. ಆದರೆ ಇಷ್ಟು ದಿನ ಈ ಇಬ್ಬರು ಗಂಡಸರ ವಿಷವನ್ನು ಸೋಸಿ ಸೋಸಿ ಮನೆ ಕಾಪಾಡಿದವಳಿಗೆ ಮಂದಬುದ್ಧಿ ಅನ್ನುವುದನ್ನು ಸಹಿಸಲಾಗಲಿಲ್ಲ. ನೆತ್ತಿಗೇರಿತು.

"ಪೆದ್ದಿ ನಾನಲ್ಲ," ಎಂದಳು. "ಬಾಗಿಲು ಅಂತ ಹೇಳೋದು ಬಿಟ್ಟಿದ್ದು ನನ್ನ ತಪ್ಪು. ಆ ಮಾತಿನ ಜೊತೆ ಬಂದ ಬೈಗುಳ ಹೇಳಬಾರದು ಅಂತ ಅದನ್ನೂ ಬಿಟ್ಟೆ. ಆದರೆ ಎರಡೂ ಎಡರೆಕ್ಕೆ ಅಂತ ನಂಗೆ ಗೊತ್ತಿತ್ತು. ಬಣ್ಣ ಹಚ್ಚೋ ಮೊದಲೇ ಗೊತ್ತಿತ್ತು."

"ಗೊತ್ತಿತ್ತಾ?" ಎಂದ ಗಂಡ. ಅವನ ದನಿ ಇಳಿದಿತ್ತು. "ನೀನೇ ಸವರಿ ನೋಡಿದ್ಯಲ್ಲೇ. ಆಗಲೂ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕಮ್ಮ ಬಾಯಿ ಬಿಡಲಿಲ್ಲ?" ಎಂದರು ಮಾವ.

"ನಂಗೆ ಗೋಡೆ ಬೇಕಿತ್ತು ಮಾವ. ನಂದೇ ಒಂದು ಒಲೆ ಬೇಕಿತ್ತು. ಈಗಲೂ ಬೇಕು."

"ನೋಡಿದ್ರಾ!" ಎಂದು ಅತ್ತೆ ಎದೆ ಬಡಿದುಕೊಂಡಳು. "ನನ್ನ ಮಕ್ಕಳನ್ನ ಬೇರೆ ಮಾಡೋಕೆ ಕಾಯ್ಕೊಂಡು ಕೂತಿದ್ಲು, ಮನೆಮುರುಕಿ!"

"ನಿಮ್ಮ ಮಕ್ಕಳು ಬೇರೆ ಆಗಿ ಎಷ್ಟು ದಿನ ಆಯ್ತು ಅತ್ತೆ? ಸೇರಿಸಿ ಹಿಡಿದಿದ್ದು ಯಾರು?"

ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಗೋಡೆಯ ಮಾತು ಮುಗೀತು," ಎಂದರು. "ಅಣ್ಣತಮ್ಮ ಬಾಯಿ ಬಿಟ್ಟರು, ನನಗೆ ಬೇಕಾಗಿದ್ದು ಅಷ್ಟೇ. ಬಲರೆಕ್ಕೆ ಇಬ್ಬರೂ ಸೇರಿ ಮಾಡಿ. ಪ್ರದರ್ಶನಕ್ಕೆ ಇನ್ನೂ ಒಂದು ವಾರ ಇದೆ."

ಆ ವಾರ ಮನೆಯಲ್ಲಿ ಹಬ್ಬದ ಸಡಗರ, ದೊಡ್ಡಸೊಸೆಯೊಬ್ಬಳನ್ನು ಬಿಟ್ಟು. ಅಣ್ಣತಮ್ಮ ಮೇಜಿನ ಒಂದೇ ಮೂಲೆಯಲ್ಲಿ ತೊಡೆಗೆ ತೊಡೆ ತಾಗಿಸಿ ಕೂತು ಕೊಯ್ದರು, ಅಂಟಿಸಿದರು, ಉಜ್ಜಿದರು. ಹಳದಿ ಕೆಂಪು ಎರಡೂ ಮರೆತುಹೋಯಿತು. ಜಗಳ ಹಚ್ಚಿದವಳು ಅವಳೇ ಎಂದು ಇಬ್ಬರಿಗೂ ಈಗ ಖಾತ್ರಿಯಾಗಿತ್ತು. ಅವಳಿಗೆ 'ಬಾಗಿಲು' ಎಂದು ಹೆಸರಿಟ್ಟರು.

"ಬಾಗಿಲು ಬಂತು, ದಾರಿ ಬಿಡೋ," ಎಂದು ಗಂಡ ಹೇಳಿದರೆ ಮೈದುನ ಕಿಸಕ್ಕನೆ ನಗುವನು.

ಅತ್ತೆ ಅವಳನ್ನು ಒಲೆಯ ಹತ್ತಿರಕ್ಕೂ ಬಿಡಲಿಲ್ಲ. "ನೀನು ಪಾತ್ರೆ ತೊಳೆ ಸಾಕು. ಅನ್ನಕ್ಕೆ ಇನ್ನೇನು ಬೆರೆಸ್ತೀಯೋ."

ಒಂದು ರಾತ್ರಿ ಅವಳು ಗಂಡನನ್ನು ಕೇಳಿದಳು: "ನಾವು ಬೇರೆ ಮನೆ ನೋಡೋಣ. ಚಿಕ್ಕದಾದ್ರೂ ಪರವಾಗಿಲ್ಲ."

"ನನ್ನ ತಮ್ಮನ್ನ ಬಿಟ್ಟು ಬರಬೇಕಾ?" ಎಂದ ಅವನು. ತಮ್ಮನ ಸೋಪನ್ನೂ ಮುಟ್ಟದಿದ್ದವನ ಬಾಯಲ್ಲಿ ಈ ಮಾತು! ಅವಳು ಗೋಡೆಯ ಕಡೆ ಹೊರಳಿ ಮಲಗಿದಳು.

ಪ್ರದರ್ಶನದ ದಿನ ಎಲ್ಲರೂ ಒಗೆದ ಬಟ್ಟೆ ಉಟ್ಟರು. ವಿಮಾನವನ್ನು ಅಣ್ಣತಮ್ಮ ಇಬ್ಬರೂ ಹೊತ್ತುಕೊಂಡರು. ಅತ್ತೆ ದೊಡ್ಡಸೊಸೆಯ ಕಡೆ ನೋಡದೆ "ಮನೇಲಿ ಒಬ್ಬರು ಇರಬೇಕಲ್ಲ" ಎಂದಳು. ಬೀರುವಿಗೆ ಬೀಗ ಹಾಕಿದೆಯೇ ಎಂದು ಎರಡು ಸಲ ಎಳೆದು ನೋಡಿ ಹೊರಟಳು.

ಅವರು ಬೀದಿ ತಿರುಗಿದ ಮೇಲೆ ಅವಳು ಬಾಗಿಲು ಮುಂದೆ ಮಾಡಿ ಹೊರಬಿದ್ದಳು. ಕನ್ನಡಕದ ಅಂಗಡಿಯ ಪಕ್ಕದ ಪಾತ್ರೆ ಅಂಗಡಿಯಲ್ಲಿ ತನ್ನ ಸಂಬಳದಲ್ಲಿ ಒಂದು ಎಲೆಕ್ಟ್ರಿಕ್ ಒಲೆ, ಒಂದು ಬಾಣಲೆ, ಒಂದು ತಟ್ಟೆ ಕೊಂಡಳು. ದಾರಿಯಲ್ಲಿ ಮೊಟ್ಟೆ, ಎಣ್ಣೆ, ಉಪ್ಪು. ಕೋಣೆಯಲ್ಲಿ ಕಿಟಕಿಯ ಪಕ್ಕ, ಗಂಡ ನಕ್ಷೆ ಹಾಸುತ್ತಿದ್ದ ಜಾಗದಲ್ಲಿ, ಸ್ಟೂಲಿನ ಮೇಲೆ ಒಲೆ ಇಟ್ಟು ವೈರು ಸಿಕ್ಕಿಸಿದಳು. ಒಲೆಯ ಸುರುಳಿ ತಂತಿ ನಿಧಾನವಾಗಿ ಕೆಂಪಾಯಿತು. ಹೆದರಿಕೆಯೂ ಇತ್ತು, ಖುಷಿಯೂ ಇತ್ತು, ಸುಳ್ಳೇಕೆ ಹೇಳಬೇಕು.

ಬಾಣಲೆಯಲ್ಲಿ ಮೊಟ್ಟೆ ಚುರುಗುಟ್ಟುತ್ತಿದ್ದಾಗಲೇ ಅವರು ನಗುತ್ತ ಕೂಗಾಡುತ್ತ ಒಳಗೆ ಬಂದರು. ವಿಮಾನವನ್ನು ನೋಡಲು ಜನ ಮುತ್ತಿದ್ದರಂತೆ. ಮಾವನ ಹಳೆಯ ಗೆಳೆಯರು ಬಲರೆಕ್ಕೆಯನ್ನೇ ಹೊಗಳಿದರಂತೆ. ಪೊಲೀಸು ತಮ್ಮನ ಹೆಗಲ ಮೇಲೆ ಕೈ ಹಾಕಿಕೊಂಡೇ ಕೋಣೆಯ ಬಾಗಿಲಿಗೆ ಬಂದ.

"ಏನೋ ಘಮ್ಮಂತಿದೆ. ಏನಿದು?"

"ಒಲೆ."

"ಯಾರನ್ನ ಕೇಳಿ ತಂದೆ?" ಅತ್ತೆ ಇಬ್ಬರು ಮಕ್ಕಳ ಮಧ್ಯೆ ತೂರಿ ಮುಂದೆ ಬಂದಳು. "ನನ್ನ ಮನೇಲಿ ಎರಡು ಒಲೆ ಉರಿಯೋ ಹಾಗಿಲ್ಲ. ಆರಿಸು."

"ಇದು ನಿಮ್ಮದಲ್ಲ ಅತ್ತೆ. ಕೈ ಚಾಚಿದ್ರೆ ಸುಡುತ್ತೆ, ಹಿಂದೆ ನಿಂತ್ಕೊಳ್ಳಿ."

ಅತ್ತೆ ಚಾಚಿದ್ದ ಕೈ ಹಿಂದಕ್ಕೆ ತೆಗೆದಳು. ಮೇಜಿನ ಹತ್ತಿರದಿಂದ ಮಾವ ಒಂದು ಸಲ ಇತ್ತ ನೋಡಿ, ವಿಮಾನದ ಧೂಳು ಒರೆಸತೊಡಗಿದರು.

"ನಾಳೆಯಿಂದ ನನ್ನ ಮಗ ಏನ್ ತಿನ್ನಬೇಕು?" ಎಂದಳು ಅತ್ತೆ.

"ನಿಮ್ಮ ಮಗ ನಿಮ್ಮ ಹತ್ರ ತಿನ್ನಲಿ."

ಪೊಲೀಸಿನ ಮುಖ ಕೆಂಪೇರಿತು. "ಮನೆ ಒಡೆದೇ ತೀರ್ತೀನಿ ಅಂತ ಹಟ ತೊಟ್ಟಿದೀಯಾ ನೀನು?"

"ಹೂಂ," ಎಂದಳು ಅವಳು.

ಅವನು ತಮ್ಮನ ಮುಖ ನೋಡಿದ. ತಮ್ಮ ಅಣ್ಣನ ಮುಖ ನೋಡಿದ. ಈ ಒಂದು ಅಕ್ಷರದಲ್ಲಿ ಅವಳು ಕತ್ತರಿಸಿ ಬಿಟ್ಟದ್ದು ಏನೂ ಇರಲಿಲ್ಲ. ಅವಳು ಮೊಟ್ಟೆಯನ್ನು ತಟ್ಟೆಗೆ ಜಾರಿಸಿಕೊಂಡು, ಹಾಸಿಗೆಯ ಅಂಚಿನಲ್ಲಿ ಕೂತು, ಎಲ್ಲರೂ ನೋಡುತ್ತಿದ್ದಂತೆ ತಿನ್ನತೊಡಗಿದಳು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅವಳು ಬಿಸಿಯಾಗಿ, ಕೂತು, ಎಲ್ಲರಿಗಿಂತ ಮೊದಲು ತಿಂದದ್ದು ಅದೇ ಮೊದಲು.